ಚಿಯಾ ಬೀಜ, ಕುದುರೆ ಮತ್ತು ಒಂದು ಹೂವಿನ ಊಟ

(1/7)
ಜಿಮ್‌ಗೆ ಹೋಗೋರ ನೀರಿನ ಬಾಟಲಿಯಲ್ಲಿ ತೇಲೋ ಚಿಯಾ ಬೀಜ ನಿಮಗೆಲ್ಲ ಗೊತ್ತು. ನಮ್ಮ ಕಾಮಕಸ್ತೂರಿ ಬೀಜ ಅಂತ ತಿಳ್ಕೊಂಡು ಕುಡಿಯೋರೂ ಇದ್ದಾರೆ (ಎರಡೂ ತುಳಸಿ ಕುಟುಂಬದವೇ, ಆದರೆ ಬೇರೆ ಬೇರೆ ಗಿಡ). ಅದೇ ಬೀಜ ಈಗ ಅಮೆರಿಕದಂಥ ಕಡೆ ಕುದುರೆ ಲಾಯಕ್ಕೂ ಹೋಗ್ತಿದೆ, ಪೂರಕ ಆಹಾರ ಅಂತ. ಮಾರೋರು "ಪ್ರಾಚೀನ ಧಾನ್ಯ" ಅನ್ನೋ ಪದ ಬಹಳ ಬಳಸ್ತಾರೆ. ಮನುಷ್ಯರಿಗೆ ಪ್ರಾಚೀನ, ಒಪ್ಪೋಣ. ಆದರೆ ಮೆಕ್ಸಿಕೋದ ರೈತರು ಚಿಯಾ ಬೆಳೆದು ಸಾಮ್ರಾಜ್ಯ ಕಟ್ಟೋ ಕಾಲಕ್ಕೆ ಆ ನೆಲದಲ್ಲಿ ಕುದುರೆಯೇ ಇರಲಿಲ್ಲ! ಅಮೆರಿಕದ ಮೂಲ ಕುದುರೆಗಳು ಸುಮಾರು 10,000 ವರ್ಷದ ಹಿಂದೆಯೇ ಅಳಿದುಹೋಗಿದ್ದವು.

(2/7)
ಮೊದಲು ಬೀಜದ ಕಥೆ. ಅಜ್ಟೆಕ್ ಜನರ ನಾಹುವಾಟ್ಲ್ ಭಾಷೆಯಲ್ಲಿ ಇದರ ಹೆಸರು ಚಿಯಾನ್. ಹಿಟ್ಟು ಮಾಡ್ತಿದ್ರು, ಪಾನಕ ಮಾಡ್ತಿದ್ರು, ಎಣ್ಣೆ ತೆಗೀತಿದ್ರು. ರಾಜಧಾನಿ ಟೆನೊಚ್ಟಿಟ್ಲಾನ್‌ಗೆ ಸೋತ ನಾಡುಗಳು ಕಪ್ಪವಾಗಿ ಕೊಡ್ತಿದ್ದ ವಸ್ತುಗಳಲ್ಲಿ ಮೆಕ್ಕೆಜೋಳ, ಹುರುಳಿಕಾಯಿ ಬೀಜ, ರಾಜಗಿರದ ಜೊತೆ ಚಿಯಾ ಕಣಜಗಳೂ ಇದ್ದವು. 1540ರ ದಶಕದ ಆಸುಪಾಸಿನ 'ಕೋಡೆಕ್ಸ್ ಮೆಂಡೋಜಾ' ಅನ್ನೋ ಚಿತ್ರಗ್ರಂಥದಲ್ಲಿ ಆ ಕಣಜಗಳನ್ನ ಬರೆದಿಟ್ಟಿದ್ದಾರೆ. ಇಷ್ಟೆಲ್ಲ ಆದ್ಮೇಲೂ 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಇಟ್ಟ ಹೆಸರು 'ಸಾಲ್ವಿಯಾ ಹಿಸ್ಪಾನಿಕಾ', ಅಂದ್ರೆ ಸ್ಪೇನಿನ ಸಾಲ್ವಿಯಾ. ಗೆದ್ದೋರ ಊರಿನ ಹೆಸರು ಸೋತೋರ ಬೆಳೆಗೆ.

(3/7)
1519. ಕೊರ್ಟೆಸ್ ಮೆಕ್ಸಿಕೋ ದಡಕ್ಕೆ ಬಂದಾಗ ಅವನ ಹತ್ರ ಇದ್ದದ್ದು 16 ಕುದುರೆ. ಜೊತೆಗೆ ಹಡಗಲ್ಲೇ ಹುಟ್ಟಿದ ಒಂದು ಮರಿ. ಸೈನಿಕ ಬೆರ್ನಾಲ್ ಡಿಯಾಸ್ ಮುದುಕನಾದ ಮೇಲೆ ಬರೆದ ಪುಸ್ತಕದಲ್ಲಿ ಒಂದೊಂದು ಕುದುರೆಯ ಬಣ್ಣ ಏನು, ಯಜಮಾನ ಯಾರು, ಓಟ ಹೇಗೆ ಅಂತ ಪಟ್ಟಿ ಕೊಡ್ತಾನೆ. ಅಷ್ಟು ದುಬಾರಿ, ಅಷ್ಟು ಪ್ರೀತಿ. ಅದೇ ಕಾಲದಲ್ಲಿ ಚಿಯಾ ಬೆಳೆದ ರೈತರಲ್ಲಿ ಒಬ್ಬರ ಹೆಸರಾದ್ರೂ ನಮಗೆ ಸಿಗುತ್ತಾ? ಹುಡುಕಿ ನೋಡಿ.

ಆಮೇಲೆ ಚಿಯಾ ಮೂಲೆ ಸೇರ್ತು. "ಸ್ಪೇನಿನವರು ಧರ್ಮದ ಕಾರಣಕ್ಕೆ ನಿಷೇಧ ಮಾಡಿದ್ರು" ಅಂತ ರೀಲ್ಸ್‌ನಲ್ಲಿ ಒಂದೇ ಸಾಲಲ್ಲಿ ಮುಗಿಸ್ತಾರೆ. ನನಗೆ ಅದು ಸಾಲದು ಅನ್ಸುತ್ತೆ. ಸಿಡುಬಿನಂಥ ರೋಗಗಳಿಗೆ ಬೆಳೆಯೋ ಜನರೇ ಸತ್ತುಹೋದ್ರು. ಕಪ್ಪ ಕೇಳೋ ಸಾಮ್ರಾಜ್ಯ ಬಿತ್ತು. ಗೋಧಿ ಬಂತು. ಜೊತೆಗೆ ಸ್ಪೇನಿನವರ ದನ, ಕುದುರೆಗಳು ಹೊಲಕ್ಕೆ ನುಗ್ಗಿ ಬೆಳೆ ಹಾಳು ಮಾಡ್ತಿವೆ ಅಂತ ಸ್ಥಳೀಯರು ವೈಸ್‌ರಾಯ್‌ವರೆಗೂ ದೂರು ಒಯ್ದರು. ಕುದುರೆಗೂ ಆ ನೆಲದ ಬೆಳೆಗೂ ಮೊದಲ ಪರಿಚಯ ಆಗಿದ್ದು ಹೀಗೆ, ಬಟ್ಟಲಲ್ಲಿ ಅಲ್ಲ.

(4/7)
ಈಗ ನನಗೆ ತುಂಬಾ ಕಾಡೋ ಭಾಗ.

1525ರಲ್ಲಿ ಕೊರ್ಟೆಸ್ ಹೊಂಡುರಾಸ್ ಕಡೆ ಹೋಗ್ತಾ, ಇವತ್ತಿನ ಗ್ವಾಟೆಮಾಲಾದ ಪೆಟೆನ್ ಇಟ್ಜಾ ಸರೋವರದ ಹತ್ರ ಬರ್ತಾನೆ. ಅವನ ಒಂದು ಕುದುರೆಯ ಕಾಲಿಗೆ ಮರದ ಚೂರು ಚುಚ್ಚಿ ಅದು ನಡೀಲಾರದ ಸ್ಥಿತಿ. ಅದನ್ನ ಅಲ್ಲಿನ ಇಟ್ಜಾ ಮಾಯಾ ಒಡೆಯನ ಕೈಗೆ ಒಪ್ಪಿಸಿ, ನೋಡ್ಕೊಳ್ಳಿ ಅಂತ ಹೇಳಿ ಹೊರಟುಹೋಗ್ತಾನೆ. ತಿರುಗಿ ಬರಲೇ ಇಲ್ಲ.

ಇಟ್ಜಾ ಜನ ಏನು ಮಾಡ್ಬೇಕು ಹೇಳಿ? ಕುದುರೆ ಸಾಕಿ ಗೊತ್ತಿಲ್ಲ. ಕಾಯಿಲೆ ಬಿದ್ದ ದೊಡ್ಡ ಅತಿಥಿಗೆ ಏನು ಕೊಡ್ತಾರೋ ಅದನ್ನೇ ಕೊಟ್ರು: ಹೂವು ಮತ್ತು ಕೋಳಿ ಮಾಂಸ. ನಂತರದ ಸ್ಪ್ಯಾನಿಷ್ ಬರಹಗಳು ಹೇಳೋದು ಇದನ್ನೇ. ಕುದುರೆ ಸತ್ತುಹೋಯ್ತು. ಅದರ ವಿಗ್ರಹ ಮಾಡಿ ಗುಡಿಯಲ್ಲಿಟ್ರು, ಹಿಂಗಾಲ ಮೇಲೆ ಕೂತ ಹಾಗೆ. ಹೆಸರು 'ತ್ಸಿಮಿನ್ ಚಾಕ್'. ತ್ಸಿಮಿನ್ ಅಂದ್ರೆ ಟೇಪಿರ್, ಅವರಿಗೆ ಗೊತ್ತಿದ್ದ ಪ್ರಾಣಿಗಳಲ್ಲಿ ಕುದುರೆಗೆ ಹತ್ತಿರದ್ದು. ಚಾಕ್ ಅಂದ್ರೆ ಮಳೆ-ಗುಡುಗಿನ ದೇವರು. 1618ರಲ್ಲಿ ಫುಯೆನ್ಸಾಲಿದಾ, ಓರ್ಬಿತಾ ಅನ್ನೋ ಇಬ್ಬರು ಪಾದ್ರಿಗಳು ಅಲ್ಲಿಗೆ ಹೋದಾಗಲೂ ಪೂಜೆ ನಡೀತಿತ್ತು. ಓರ್ಬಿತಾ ಸಿಟ್ಟಿಗೆದ್ದು ವಿಗ್ರಹ ಒಡೆದುಹಾಕಿದ.

ಇದನ್ನ ಓದಿ ನಗೋರಿದ್ದಾರೆ. ನನಗೆ ನಗು ಬರಲ್ಲ.

(5/7)
ಯಾಕೆ ಅಂದ್ರೆ ಇಂಥದ್ದು ನಮ್ಮ ದಕ್ಷಿಣದಲ್ಲೂ ಆಗಿದೆ. 13ನೇ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ, ತಮಿಳು ಕರಾವಳಿಯಲ್ಲಿ ಸಮುದ್ರದಾಚೆಯಿಂದ ತಂದ ಕುದುರೆಗಳಿಗೆ ಅನ್ನ, ಮಾಂಸ ಬೇಯಿಸಿ ಹಾಕ್ತಾರೆ, ಅವು ಉಳಿಯಲ್ಲ ಅಂತ ಬರೀತಾನೆ. ವಿಜಯನಗರದ ಕಾಲಕ್ಕೆ ಚಿತ್ರ ಬೇರೆ. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ತಿದ್ರು ಅಂತ ಪೋರ್ಚುಗೀಸ್ ನೂನಿಜ್ ಲೆಕ್ಕ ಕೊಟ್ರೆ, ಪಯಸ್ ಇಲ್ಲಿ ಬಾರ್ಲಿ ಇಲ್ಲದ್ದರಿಂದ ಜನ ತಿನ್ನೋ ಕಾಳನ್ನೇ ಕುದುರೆಗೂ ಹಾಕ್ತಾರೆ ಅಂತಾನೆ. ನಮ್ಮ ಹುರುಳಿಗೆ ಇಂಗ್ಲಿಷಿನಲ್ಲಿ 'ಹಾರ್ಸ್ ಗ್ರಾಮ್' ಅಂತ ಹೆಸರು ಬಂದಿರೋದೂ ಸುಮ್ನೆ ಅಲ್ಲ. (ಕುದುರೆ ತಿನ್ನುತ್ತೆ ಅಂತ ಹುರುಳಿ ಸಾರಿಗೆ ಮೂಗು ಮುರಿಯೋರಿಗೆ ಒಂದು ಮಾತು: ಬಳ್ಳಾರಿ ಹತ್ರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಆಗಲೇ ಹುರುಳಿ ತಿಂತಿದ್ರು.)

(6/7)
ಸರಿ, ಕುದುರೆಗೆ ಚಿಯಾ ಯಾಕೆ? ಕುದುರೆ ಹುಲ್ಲು ತಿನ್ನೋ ಪ್ರಾಣಿ. ಹೊಟ್ಟೆ ಚಿಕ್ಕದು, ನಾರು ಹುದುಗೋದು ದೊಡ್ಡ ಕರುಳಲ್ಲಿ. ಮುಖ್ಯವಾಗಿ, ಅದಕ್ಕೆ ವಾಂತಿ ಮಾಡೋಕೆ ಆಗಲ್ಲ. ತಿಂದದ್ದು ಸರಿ ಹೋಗ್ಲಿಲ್ಲ ಅಂದ್ರೆ ಹೊಟ್ಟೆನೋವು, ಅದರಿಂದ ಸಾವೂ ಬರಬಹುದು. ಹಸಿ ಹುಲ್ಲಿನಲ್ಲಿ ಒಮೆಗಾ-3 ಸಿಗುತ್ತೆ. ಒಣ ಹುಲ್ಲಿನಲ್ಲಿ ಅದು ಕಡಿಮೆ, ಮೆಕ್ಕೆಜೋಳ, ಓಟ್ಸ್‌ನಲ್ಲಿ ಒಮೆಗಾ-6 ಜಾಸ್ತಿ. ಚಿಯಾದಲ್ಲಿ ಸುಮಾರು 30% ಎಣ್ಣೆ, ಅದರಲ್ಲಿ ಹೆಚ್ಚುಕಮ್ಮಿ 60% ಒಮೆಗಾ-3. ಹಿಂದೆ ಈ ಕೆಲಸಕ್ಕೆ ಅಗಸೆ ಬೀಜ ಬೇಯಿಸಿ ಹಾಕ್ತಿದ್ರು, ಹಸಿ ಅಗಸೆಯಲ್ಲಿ ಸಯನೈಡ್ ಬಿಡೋ ಅಂಶ ಇದೆ ಅಂತ. ಚಿಯಾಗೆ ಆ ತೊಂದರೆ ಇಲ್ಲ.

ಹಾಗಂತ ಪ್ಯಾಕೆಟ್ ಮೇಲಿನ ಎಲ್ಲ ಮಾತು ನಂಬಬೇಡಿ. ಕುದುರೆಗಳ ಮೇಲೇ ಚಿಯಾ ಹಾಕಿ ನೋಡಿದ ಅಧ್ಯಯನ ಕಡಿಮೆ, ಜಾಹೀರಾತು ಜಾಸ್ತಿ. ಬೀಜ ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಲೋಳೆ ಆಗುತ್ತೆ, ಹಾಗಾಗಿ ಸ್ವಲ್ಪದಿಂದ ಶುರು ಮಾಡ್ಬೇಕು, ನೀರು ಸಾಕಷ್ಟಿರಬೇಕು, ಪಶುವೈದ್ಯರನ್ನ ಕೇಳ್ಬೇಕು. ಹುಲ್ಲಿನ ಜಾಗ ಅದಕ್ಕೆ ಸಿಗಲ್ಲ.

(7/7)
ಚಿಯಾ ಮತ್ತೆ ಎದ್ದಿದ್ದು 1991ರ ಸುಮಾರಿಗೆ, ಅರ್ಜೆಂಟೀನಾದಲ್ಲಿ ಹೊಸ ವಾಣಿಜ್ಯ ಬೆಳೆ ಹುಡುಕೋ ಯೋಜನೆಯೊಂದರಿಂದ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದನ್ನ ನಮ್ಮ ರೈತರಿಗೆ ಪರಿಚಯಿಸ್ತು. ಈಗ ಎಚ್.ಡಿ. ಕೋಟೆ ಕಡೆ ಹೋದ್ರೆ ಹೊಲದಲ್ಲಿ ನೇರಳೆ ಬಣ್ಣದ ತೆನೆ ಕಾಣುತ್ತೆ, ಪಕ್ಕದ ಹೊಲದಲ್ಲಿ ಹುರುಳಿಯೂ ಇರಬಹುದು. ಫೋಟೋ ತೆಗೆದ್ರೆ ನನ್ನನ್ನ ಟ್ಯಾಗ್ ಮಾಡಿ.