ಕ್ಯಾಶ್ ಹೆಚ್ಚೋ, ಗಿಗಾಹರ್ಟ್ಸ್ ಹೆಚ್ಚೋ: ಪ್ರೊಸೆಸರ್ ಆಯ್ಕೆಯ ಲೆಕ್ಕಾಚಾರ

ಮಾಡದಕೆರೆಯಂತಹ ಹೋಬಳಿ ಕೇಂದ್ರದಿಂದ ಹೊಸದುರ್ಗಕ್ಕೋ ಚಿತ್ರದುರ್ಗಕ್ಕೋ ತೆರಳಿ ಮಕ್ಕಳ ಓದಿಗೆಂದು ಗಣಕಯಂತ್ರ ಕೊಳ್ಳುವವರಿಗೆ ಅಂಗಡಿಯವರು ಮೊದಲು ಹೇಳುವ ಅಂಕಿ ಗಿಗಾಹರ್ಟ್ಸ್. ಅದರ ಪಕ್ಕದಲ್ಲೇ ಸಣ್ಣ ಅಕ್ಷರಗಳಲ್ಲಿ ಕ್ಯಾಶ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಇದು ನಗದಿನ ಕ್ಯಾಶ್ ಅಲ್ಲ, ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಮೂಲದ ಪದ. ಒಂದೇ ಪೀಳಿಗೆಯ ಎರಡು ಪ್ರೊಸೆಸರ್‌ಗಳಲ್ಲಿ ಒಂದರ ವೇಗ ಹೆಚ್ಚು, ಇನ್ನೊಂದರ ಕ್ಯಾಶ್ ಹೆಚ್ಚು ಎಂದಾಗ ಯಾವುದಕ್ಕೆ ಹಣ ತೆರಬೇಕು?

ಗಡಿಯಾರ ವೇಗ 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಆದರೆ ಪ್ರೊಸೆಸರ್‌ಗೆ ಬೇಕಾದ ದತ್ತಾಂಶ ಮುಖ್ಯ ಸ್ಮೃತಿಯಾದ ರ್‍ಯಾಮ್‌ನಿಂದ ಬರಲು ಸುಮಾರು 100 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ 300 ಮಿಡಿತಗಳು ಕಳೆದುಹೋಗುತ್ತವೆ. ಈ ಕಾಯುವಿಕೆಯನ್ನು ತಪ್ಪಿಸಲೆಂದೇ ಪದೇಪದೇ ಬೇಕಾಗುವ ದತ್ತಾಂಶವನ್ನು ಪ್ರೊಸೆಸರ್‌ನ ಒಳಗೇ ಇರಿಸಿಕೊಳ್ಳುವ ಪುಟ್ಟ, ಅತಿವೇಗದ ಸ್ಮೃತಿಯೇ ಕ್ಯಾಶ್. ಅಡುಗೆಮನೆಯ ಕೊಡ ಮೊದಲ ಹಂತದ ಕ್ಯಾಶ್, ಹಿತ್ತಿಲ ತೊಟ್ಟಿ ನಂತರದ ಹಂತ, ಊರ ಕೆರೆ ರ್‍ಯಾಮ್ ಎಂದುಕೊಳ್ಳಬಹುದು. ಅಡುಗೆಯವರ ಕೈ ಎಷ್ಟೇ ಚುರುಕಾಗಿದ್ದರೂ ಕೆರೆಯಿಂದ ನೀರು ಬರುವತನಕ ಒಲೆಯ ಮುಂದೆ ಕಾಯಲೇಬೇಕು.

ಒಂದು ಲೆಕ್ಕ ಹಾಕೋಣ. ಪ್ರೊಸೆಸರ್ 100 ಬಾರಿ ದತ್ತಾಂಶ ಕೇಳಿತು. 98 ಬಾರಿ ಅದು ಕ್ಯಾಶ್‌ನಲ್ಲೇ ತಲಾ 1 ನ್ಯಾನೋಸೆಕೆಂಡಿನಲ್ಲಿ ದೊರೆಯಿತು, ಎರಡು ಬಾರಿ ಮಾತ್ರ ರ್‍ಯಾಮ್‌ಗೆ ಹೋಗಬೇಕಾಯಿತು ಎಂದಿಟ್ಟುಕೊಳ್ಳಿ. ಒಟ್ಟು ಕಾಲ 98 ಮತ್ತು 200 ಸೇರಿ 298 ನ್ಯಾನೋಸೆಕೆಂಡ್. ಗಡಿಯಾರ ವೇಗವನ್ನು ಶೇಕಡಾ 10ರಷ್ಟು ಏರಿಸಿದರೆ 98 ಎಂಬುದು 89ಕ್ಕೆ ಇಳಿಯುತ್ತದೆ. 200 ಹಾಗೆಯೇ ಉಳಿಯುತ್ತದೆ. ಉಳಿತಾಯ ಶೇಕಡಾ 3. ಅದರ ಬದಲು ಕ್ಯಾಶ್ ಹಿಗ್ಗಿಸಿ ರ್‍ಯಾಮ್‌ಗೆ ಹೋಗುವುದು ಒಂದೇ ಬಾರಿಯಾದರೆ ಒಟ್ಟು ಕಾಲ 199ಕ್ಕೆ ಇಳಿದು ಮೂರನೇ ಒಂದು ಭಾಗ ಉಳಿಯುತ್ತದೆ. ಆದರೆ ಕೆಲಸಕ್ಕೆ ಬೇಕಾದ ದತ್ತಾಂಶವೆಲ್ಲ ಮೊದಲೇ ಕ್ಯಾಶ್‌ನಲ್ಲಿ ಹಿಡಿಸುವಂತಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಹೆಚ್ಚುವರಿ ಕ್ಯಾಶ್ ನಿರರ್ಥಕ, ಹೆಚ್ಚುವರಿ ವೇಗವೇ ಪೂರ್ಣ ಲಾಭ.

ಇತಿಹಾಸವೂ ಇದನ್ನೇ ಹೇಳುತ್ತದೆ. 1998ರಲ್ಲಿ ಇಂಟೆಲ್ ಸಂಸ್ಥೆ ಅಗ್ಗದ ಸೆಲೆರಾನ್ ಪ್ರೊಸೆಸರನ್ನು ಎರಡನೇ ಹಂತದ ಕ್ಯಾಶ್ ಇಲ್ಲದೆಯೇ ಮಾರುಕಟ್ಟೆಗೆ ಬಿಟ್ಟು ಟೀಕೆಗೆ ಗುರಿಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಸೆಲೆರಾನ್ 300ಎ, ಅದೇ 300 ಮೆಗಾಹರ್ಟ್ಸ್ ವೇಗದಲ್ಲಿ, ಕೇವಲ 128 ಕಿಲೋಬೈಟ್ ಕ್ಯಾಶ್ ಸೇರಿದ್ದರಿಂದ ಬೇರೆಯೇ ಯಂತ್ರವೆನಿಸಿತು. ದುಬಾರಿ ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಇತ್ತಾದರೂ ಅದು ಪ್ರೊಸೆಸರ್‌ನ ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನ್‌ನದು ಪೂರ್ಣ ವೇಗ. ಹಾಗಾಗಿ ಅಗ್ಗದ ಚಿಪ್ ಹಲವು ಕೆಲಸಗಳಲ್ಲಿ ದುಬಾರಿಯದಕ್ಕೆ ಸರಿಸಾಟಿಯಾಯಿತು. ಕ್ಯಾಶ್‌ನ ಗಾತ್ರ ಮಾತ್ರ ನೋಡಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗಿಗಾಹರ್ಟ್ಸ್ ಬೆನ್ನುಹತ್ತಿದ ಪೆಂಟಿಯಂ 4 ಕೂಡ 2004ರಲ್ಲಿ 3.8ರ ಬಳಿ ನಿಂತಿತು. 4 ಗಿಗಾಹರ್ಟ್ಸ್ ಆವೃತ್ತಿಯ ಯೋಜನೆಯನ್ನು ಸಂಸ್ಥೆ ಅದೇ ವರ್ಷ ಕೈಬಿಟ್ಟಿತು.

ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಪಾಲುಂಟು. 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ, ಡನ್ನಿಂಗ್‌ಟನ್ ಎಂಬ ಸಂಕೇತನಾಮದ ಜಿಯಾನ್ 7400 ಸರಣಿಯ ಪ್ರೊಸೆಸರ್ ವಿನ್ಯಾಸಗೊಂಡದ್ದು ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು. ಹಿಂದಿನ ಸರಣಿಯ ಅತಿವೇಗದ ಚಿಪ್ 2.93 ಗಿಗಾಹರ್ಟ್ಸ್ ಆಗಿದ್ದರೆ ಬೆಂಗಳೂರಿನ ಚಿಪ್ 2.66ಕ್ಕೆ ಇಳಿಯಿತು. ಎರಡರ ವಿದ್ಯುತ್ ಮಿತಿಯೂ 130 ವಾಟ್. ವೇಗ ಬಿಟ್ಟುಕೊಟ್ಟು ಪಡೆದದ್ದು ನಾಲ್ಕರ ಬದಲು ಆರು ಕೋರ್‌ಗಳು ಹಾಗೂ ಅವೆಲ್ಲ ಹಂಚಿಕೊಳ್ಳುವ 16 ಮೆಗಾಬೈಟ್‌ನ ಮೂರನೇ ಹಂತದ ಕ್ಯಾಶ್. ದೊಡ್ಡ ಸರ್ವರ್‌ಗಳಲ್ಲಿ ನಾಲ್ಕಾರು ಪ್ರೊಸೆಸರ್‌ಗಳು ಸ್ಮೃತಿಗಾಗಿ ಸಾಲುಗಟ್ಟುವುದರಿಂದ ಈ ಆಯ್ಕೆ ಸರಿಯೇ ಆಗಿತ್ತು. ಗೆಲುವಿನ ಶ್ರೇಯ ಕೋರ್‌ಗಳಿಗೂ ಸಲ್ಲುವುದರಿಂದ ಇದನ್ನು ಕ್ಯಾಶ್‌ನ ಶುದ್ಧ ಪರೀಕ್ಷೆಯೆನ್ನಲಾಗದು.

ಅಂತಹ ಪರೀಕ್ಷೆ ನಡೆದದ್ದು 2022ರಲ್ಲಿ. ಎಎಂಡಿ ಸಂಸ್ಥೆಯ ರೈಜನ್ 7 5800ಎಕ್ಸ್ ಮತ್ತು 5800ಎಕ್ಸ್3ಡಿ ಎರಡಕ್ಕೂ ಎಂಟೇ ಕೋರ್. ಮೊದಲನೆಯದರ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಮೂರನೇ ಹಂತದ ಕ್ಯಾಶ್ 32 ಮೆಗಾಬೈಟ್, ಎರಡನೆಯದರದು 4.5 ಮತ್ತು 96. ಆಟಗಳಲ್ಲಿ ಬಹುತೇಕ ಕ್ಯಾಶ್ ಹೆಚ್ಚಿದ್ದ ಚಿಪ್ ಮುಂದಾಯಿತು. ಮೂರು ಆಯಾಮದ ಚಿತ್ರ ರಚನೆಯಂತಹ ಕೆಲಸಗಳಲ್ಲಿ ವೇಗದ ಚಿಪ್ ಗೆದ್ದಿತು.

ಹಾಗಾದರೆ ಮನೆಬಳಕೆಗೆ ಯಾವುದು? ನುಡಿ ತಂತ್ರಾಂಶದಲ್ಲಿ ಅರ್ಜಿ ಬೆರಳಚ್ಚು ಮಾಡಲು, ಅಂತರ್ಜಾಲದಲ್ಲಿ ಪಹಣಿ ನೋಡಲು ಎರಡೂ ಅಂಕಿಗಳು ಅಷ್ಟಾಗಿ ಲೆಕ್ಕಕ್ಕಿಲ್ಲ. ಅಲ್ಲಿ ಕಾಯಿಸುವುದು ಜಾಲಸಂಪರ್ಕ ಅಥವಾ ಹಳೆಯ ಹಾರ್ಡ್ ಡಿಸ್ಕ್. ಇರುವ ಹಣವನ್ನು ರ್‍ಯಾಮ್‌ಗೂ ಎಸ್‌ಎಸ್‌ಡಿಗೂ ಹಾಕುವುದೇ ಜಾಣತನ. ದೊಡ್ಡ ದತ್ತಕೋಶ, ಪ್ರೋಗ್ರಾಮ್ ಕಂಪೈಲ್ ಮಾಡುವುದು ಅಥವಾ ಆಟಗಳ ಉದ್ದೇಶವಿದ್ದರೆ, ಒಂದೇ ಪೀಳಿಗೆಯಲ್ಲಿ ವೇಗದ ಅಂತರ ಶೇಕಡಾ ಐದರೊಳಗಿರುವಾಗ ಕ್ಯಾಶ್ ಹೆಚ್ಚಿರುವುದನ್ನು ಆರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಬೇರೆ ಬೇರೆ ಪೀಳಿಗೆಗಳ ಗಿಗಾಹರ್ಟ್ಸ್‌ಗಳನ್ನು ಮಾತ್ರ ಎಂದಿಗೂ ಹೋಲಿಸಬಾರದು.

ಕೆಲವು ದರಪಟ್ಟಿಗಳಲ್ಲಿ ಎರಡನೇ ಹಾಗೂ ಮೂರನೇ ಹಂತದ ಕ್ಯಾಶ್‌ಗಳನ್ನು ಕೂಡಿಸಿ ಒಂದೇ ದೊಡ್ಡ ಅಂಕಿಯಾಗಿ ತೋರಿಸುವುದುಂಟು. ಹಳೆಯ ಯಂತ್ರ ಕೊಳ್ಳುವವರು ಹಣ ಕೊಡುವ ಮುನ್ನ ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿದರೆ ಮೂಲ ವೇಗವೂ ಪ್ರತಿ ಹಂತದ ಕ್ಯಾಶ್‌ನ ಗಾತ್ರವೂ ಪ್ರತ್ಯೇಕವಾಗಿ ಕಾಣಿಸುತ್ತವೆ.