ಅಜ್ಜಿ ಮತ್ತೆ ನಡೆದಾರೇ? ಒಂದು ಲೆಕ್ಕಾಚಾರದ ಕಥೆ

ಸೊಂಟದ ಮೂಳೆ ಮುರಿದೋ ನ್ಯುಮೋನಿಯಾ ಆಗಿಯೋ ಆಸ್ಪತ್ರೆ ಸೇರಿದ ಎಂಬತ್ತರ ಅಜ್ಜಿಯ ಬಗ್ಗೆ ಮನೆಯವರು ಕೇಳುವುದು ಒಂದೇ ಮಾತು: ಮೊದಲಿನಂತೆ ಓಡಾಡುತ್ತಾರಾ? ವೈದ್ಯಲೋಕ ಈ ಪ್ರಶ್ನೆಗೆ ಕಿವಿಗೊಟ್ಟದ್ದು ತಡವಾಗಿ. 1930ರ ದಶಕದಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಾರ್ಜರಿ ವಾರೆನ್, ಇನ್ನು ಏಳಲಾರರೆಂದು ಮಲಗಿಸಿಬಿಟ್ಟಿದ್ದ ವೃದ್ಧರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಎಬ್ಬಿಸಿ ನಡೆಸಿ, ಎಷ್ಟೋ ಮಂದಿಯನ್ನು ಮನೆಗೆ ಕಳಿಸಿದರು.

ಅಳತೆಗೋಲುಗಳು ಬಂದದ್ದು ಆಮೇಲೆ. 1965ರಲ್ಲಿ ಅಮೆರಿಕದ ಮಹೋನಿ ಮತ್ತು ಬಾರ್ಥೆಲ್, ಊಟ, ಸ್ನಾನ, ಶೌಚ, ನಡಿಗೆ, ಮೆಟ್ಟಿಲು ಹೀಗೆ 10 ಕೆಲಸಗಳಿಗೆ ಒಟ್ಟು 100 ಅಂಕ ಇಟ್ಟರು. 1991ರಲ್ಲಿ ಬೇರೆ ಸಂಶೋಧಕರು ಕುರ್ಚಿಯಿಂದೆದ್ದು 3 ಮೀಟರ್ ನಡೆದು ಮರಳಿ ಕೂರುವುದಕ್ಕೆ ಗಡಿಯಾರ ಹಿಡಿದರು. ಈ ಎರಡೂ ಹೇಳುವುದು ಇವತ್ತಿನ ಸ್ಥಿತಿಯನ್ನು. ಮುಂದೇನು ಎನ್ನುವುದಕ್ಕೆ ದಾರಿ ತೆರೆದದ್ದು 2001ರಲ್ಲಿ ಲಿಂಡಾ ಫ್ರೀಡ್ ತಂಡ. ತೂಕ ಇಳಿತ, ಸುಸ್ತು, ಕೈಹಿಡಿತದ ದೌರ್ಬಲ್ಯ, ನಿಧಾನ ನಡಿಗೆ, ಕಡಿಮೆ ಚಟುವಟಿಕೆ: ಐದರಲ್ಲಿ ಮೂರಿದ್ದರೆ ಫ್ರೇಲ್ಟಿ, ಅಂದರೆ ಮೈಯ ಕಸುವೇ ಬತ್ತಿದ ಸ್ಥಿತಿ. 2005ರಲ್ಲಿ ಕೆನಡಾದ ಕೆನೆತ್ ರಾಕ್‌ವುಡ್ ತಂಡ ಇದಕ್ಕೊಂದು ಸರಳ ಮಾಪಕ ಕೊಟ್ಟಿತು. ಅದನ್ನು ಬಳಸುವವರು ನೋಡಬೇಕಾದ್ದು ಹಾಸಿಗೆಯಲ್ಲಿರುವ ರೋಗಿಯನ್ನಲ್ಲ, ಎರಡು ವಾರದ ಹಿಂದಿನ ಆ ಮನುಷ್ಯನನ್ನು. ನನಗೆ ಈ ಇಡೀ ಕ್ಷೇತ್ರದ ಅತಿ ಜಾಣ ಪ್ರಶ್ನೆ ಇದೇ ಅನ್ನಿಸುತ್ತದೆ.

ಈ ಅಳತೆಗಳು ನಮ್ಮ ಬದುಕಿಗೆ ಹೊಂದುತ್ತವೆಯೇ ಎಂದು ನೋಡಲು ನೆರೆಯ ಮಹಾರಾಷ್ಟ್ರಕ್ಕೆ ಬನ್ನಿ. ಛತ್ರಪತಿ ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜು 1956ರದ್ದು. ಅದರ ಆಸ್ಪತ್ರೆ ಜನರ ಬಾಯಲ್ಲಿ ಘಾಟಿ. ಅಲ್ಲಿ ವೃದ್ಧಾಪ್ಯ ಚಿಕಿತ್ಸೆಗೆಂದೇ ವಿಭಾಗವಿದೆ. ಹಳ್ಳಿಯಿಂದ ಇಂಥ ಊರುಗಳ ವಾರ್ಡಿಗೆ ಬಂದ ರೈತನಿಗೆ ಬಾರ್ಥೆಲ್ ಪಟ್ಟಿ ಕೇಳುವುದು ಮೆಟ್ಟಿಲು ಹತ್ತುತ್ತೀರಾ ಎಂದು. ಅವನ ಮನೆಗೆ ಮೆಟ್ಟಿಲೇ ಇಲ್ಲದಿರಬಹುದು. ನೆಲದ ಮೇಲೆ ಕೂತು ಭಾಕ್ರಿ ತಿಂದು ಏಳಬೇಕು, ಶೌಚಕ್ಕೆ ಕುಕ್ಕರಗಾಲಲ್ಲಿ ಕೂರಬೇಕು. ಅದಕ್ಕೆ ಪಟ್ಟಿಯಲ್ಲಿ ಅಂಕವಿಲ್ಲ. ನೆಲದಿಂದ ಏಳುವುದನ್ನೇ ಪರೀಕ್ಷೆ ಮಾಡಿ ಆಯುಷ್ಯದೊಂದಿಗೆ ಹೋಲಿಸಿದವರು ಬ್ರೆಜಿಲ್‌ನವರು, 2012ರಲ್ಲಿ! ದಿನವೂ ನೆಲದಲ್ಲಿ ಕೂತೇಳುವ ನಮಗೆ ಅದು ಮೊದಲೇ ಹೊಳೆಯಬೇಕಿತ್ತು.

ದೇಶದ್ದೇ ಅಂಕಿಅಂಶ ಈಗ ಕೂಡುತ್ತಿದೆ. 2017-18ರ ರಾಷ್ಟ್ರೀಯ ವಯೋವೃದ್ಧಿ ಸಮೀಕ್ಷೆ ಕೈಹಿಡಿತವನ್ನೂ ನಡಿಗೆಯನ್ನೂ ಅಳೆಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸುತ್ತಿದೆ. ಇವೆರಡೂ ಊರಿನವರ ಲೆಕ್ಕ, ವಾರ್ಡಿನದಲ್ಲ.

ಕಡಿಮೆ ಅಂಕ ಬಂತೆಂದು ಕೈಬಿಡುವುದು ಈ ವಿದ್ಯೆಯ ದೊಡ್ಡ ಅಪಾಯ. 2019ರಲ್ಲಿ ಪ್ರಕಟವಾದ ಸ್ಪೇನಿನ ಪ್ಯಾಂಪ್ಲೋನಾದ ಪ್ರಯೋಗದಲ್ಲಿ 370 ರೋಗಿಗಳಿದ್ದರು, ಸರಾಸರಿ ವಯಸ್ಸು 87. ಮಾಮೂಲು ಆರೈಕೆಯವರು ಬಿಡುಗಡೆಯ ಹೊತ್ತಿಗೆ ಬಾರ್ಥೆಲ್‌ನಲ್ಲಿ ಸರಾಸರಿ 5 ಅಂಕ ಕಳೆದುಕೊಂಡರು. ವಾರ್ಡಿನಲ್ಲೇ ವ್ಯಾಯಾಮ ಮಾಡಿದವರು ಸುಮಾರು 2 ಅಂಕ ಗಳಿಸಿದರು.

ನಿಮ್ಮ ಮನೆಯ ಹಿರಿಯರು ದಾಖಲಾದ ದಿನವೇ ವೈದ್ಯರಿಗೆ ಹೇಳಿ: ಎರಡು ವಾರದ ಹಿಂದೆ ಇವರು ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗುತ್ತಿದ್ದರೋ ಇಲ್ಲವೋ. ಫಿಸಿಯೊಥೆರಪಿ ಯಾವಾಗ ಶುರು ಎಂದೂ ಕೇಳಿ.