ನೀರಿನ ಹದ, ಶೀತದ ಹದ: ಹಾವೇರಿ ಸೀಮೆಯ ಉಕ್ಕಿನ ಇತಿಹಾಸಕ್ಕೊಂದು ಟಿಪ್ಪಣಿ

ಹಿರೇಕೆರೂರು ತಾಲ್ಲೂಕಿನ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದ ದಿಬ್ಬವನ್ನು ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆಸಿದಾಗ, ನವಶಿಲಾಯುಗದ ಕೊನೆ ಬೃಹತ್ ಶಿಲಾಯುಗದೊಡನೆ ಬೆರೆಯುವ ಸ್ತರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಇಂಗಾಲ-14 ಪರೀಕ್ಷೆ ಆ ಸ್ತರವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ್ದ ಪುರಾತತ್ವಜ್ಞ ವೀಲರ್ ಅಲ್ಲಿನ ಕಬ್ಬಿಣಕ್ಕೆ ಕೊಟ್ಟ ಕಾಲಕ್ಕಿಂತ ಇದು ಹಲವು ಶತಮಾನ ಹಿಂದಿನದು.

ಮೂರು ಸಾವಿರ ವರ್ಷಗಳ ಈ ಕಬ್ಬಿಣದ ಪರಂಪರೆಗೆ ಈಗ ಹೊಸ ಮಾತೊಂದು ಸೇರಿದೆ: ಉಪಕರಣದ ಉಕ್ಕನ್ನು ದ್ರವ ಸಾರಜನಕದಲ್ಲಿ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣಿಸಿದರೆ ಅದರ ಬಾಳಿಕೆ ಹೆಚ್ಚುತ್ತದೆ ಎಂಬುದು. ಮಾತು ಸುಳ್ಳಲ್ಲ. ಆದರೆ ಅದು ಯಾವ ಉಕ್ಕಿಗೆ ಎಂಬುದೇ ಪ್ರಶ್ನೆ.

ಹಾನಗಲ್, ಶಿಗ್ಗಾಂವಿ, ಸವಣೂರು ಕಡೆಯ ಕಂಬಾರರು ಆಯಗಾರರು. ಮುಂಗಾರಿಗೆ ಮುಂಚೆ ಕುಳ ಹಣಿಸುವುದು, ಸುಗ್ಗಿಗೆ ಕುಡಗೋಲು ಹದ ಮಾಡುವುದು ಅವರ ಕೆಲಸ. ಪ್ರತಿಫಲ ಕಣದಲ್ಲಿ ಅಳೆದ ಕಾಳು. ಹದ ಹಾಕುವ ಗಳಿಗೆ ನೋಡುವಂಥದ್ದು. ಕೆಂಪಗೆ ಕಾದ ಉಳಿಯ ಬಾಯಿಯನ್ನಷ್ಟೇ, ಹೆಬ್ಬೆರಳಗಲ, ನೀರಿಗೆ ಅದ್ದಿ ತೆಗೆಯುತ್ತಾರೆ. ಇಟ್ಟಿಗೆ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಹಿಂಬದಿಯಲ್ಲಿ ಉಳಿದ ಕಾವು ಬಾಯಿಯತ್ತ ಹರಿಯುತ್ತ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣ ಎಬ್ಬಿಸುತ್ತದೆ. ಹಳದಿ ಎಂದರೆ ಸುಮಾರು 230 ಡಿಗ್ರಿ, ನೀಲಿ ಎಂದರೆ 300. ಬೇಕಾದ ಬಣ್ಣ ಅಂಚಿಗೆ ಮುಟ್ಟಿದ ಕ್ಷಣ ಇಡೀ ಉಳಿ ನೀರಿಗೆ. ಉಷ್ಣಮಾಪಕವಿಲ್ಲದೆ ಉಷ್ಣ ಅಳೆಯುವ ಕ್ರಮ ಇದಕ್ಕಿಂತ ನಂಬಿಗಸ್ತವಾದದ್ದು ಕುಲುಮೆಯಲ್ಲಿ ಇನ್ನೊಂದಿಲ್ಲ.

ಕೆಂಪಗೆ ಕಾದ ಉಕ್ಕಿನೊಳಗಿನ ಆಸ್ಟೆನೈಟ್ ಎಂಬ ರಚನೆ ನೀರಿಗೆ ಬಿದ್ದಾಗ ಮಾರ್ಟೆನ್ಸೈಟ್ ಎಂಬ ಗಡಸು ರಚನೆಯಾಗುತ್ತದೆ. ಇಂಗಾಲ ಸುಮಾರು ಶೇ. 0.6 ದಾಟಿದರೆ ಈ ಬದಲಾವಣೆ ಕೋಣೆಯ ಉಷ್ಣತೆಯಲ್ಲಿ ಪೂರ್ತಿಯಾಗದೆ ಸ್ವಲ್ಪ ಆಸ್ಟೆನೈಟ್ ಉಳಿಯುತ್ತದೆ. ಶೀತ ಚಿಕಿತ್ಸೆ ಈ ಉಳಿಕೆಗೆ ಮದ್ದು. ಸೋವಿಯತ್ ಲೋಹಶಾಸ್ತ್ರಜ್ಞ ಗುಲ್ಯಾಯೆವ್ 1937ರ ಹೊತ್ತಿಗೆ ಹೈಸ್ಪೀಡ್ ಉಕ್ಕಿಗೆ ಇದನ್ನು ಪ್ರಯೋಗಿಸಿದರು. 1970ರ ದಶಕದಲ್ಲಿ ಅಮೆರಿಕದ ಸಂಶೋಧಕ ಬ್ಯಾರನ್ ದ್ರವ ಸಾರಜನಕದ ಉಷ್ಣತೆಯವರೆಗೆ ಇಳಿಸಿ ಸವೆತದ ಪರೀಕ್ಷೆ ನಡೆಸಿದರು.

ನಮ್ಮ ಕಂಬಾರರ ಕೈಗೆ ಬರುವುದು ಹಳೆಯ ಲಾರಿಯ ಪಟ್ಟಿ ಸ್ಪ್ರಿಂಗ್, ಅದರ ಇಂಗಾಲ ಶೇ. 0.5-0.6. ಅದರಲ್ಲಿ ಉಳಿಯುವ ಆಸ್ಟೆನೈಟ್ ತೀರ ಕಡಿಮೆ, ಹಾಗಾಗಿ ಶೀತದಿಂದ ಲಾಭವೂ ಕಡಿಮೆ. ಶೀತಕ್ಕೆ ಒಗ್ಗುವ, ಹೆಚ್ಚು ಇಂಗಾಲದ ಮೂಸೆ ಉಕ್ಕು ಕರ್ನಾಟಕದಲ್ಲಿ ಹಿಂದೆ ಇತ್ತು: ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅದರ ಮೂಸೆಗಳು ದೊರೆತಿವೆ, ಚಿನ್ನರಾಯನದುರ್ಗದಲ್ಲಿ ತಂಗಡಿ ಕಟ್ಟಿಗೆ ಹಾಕಿ ಅದನ್ನು ಕಾಸುತ್ತಿದ್ದುದನ್ನು 1800ರಲ್ಲಿ ಪ್ರವಾಸಿ ಬುಕಾನನ್ ಬರೆದಿಟ್ಟ. ಇಂಗಾಲ ಶೇ. 1.5ರ ಆಸುಪಾಸಿನ ಆ ಉಕ್ಕಿನ ಇಂದಿನ ದಾಯಾದಿ, ಶೇ. 12 ಕ್ರೋಮಿಯಂ ಇರುವ ಡಿ-2 ಎಂಬ ಉಪಕರಣ ಉಕ್ಕು.

ತಾಲ್ಲೂಕಿನಲ್ಲಿ ದ್ರವ ಸಾರಜನಕ ಇಲ್ಲವೆಂದಲ್ಲ. ಪಶು ಆಸ್ಪತ್ರೆಯ ಕ್ಯಾನಿನಲ್ಲಿ ಹೋರಿಯ ವೀರ್ಯ ಕಾಯ್ದಿಡಲು ಅದೇ ಬೇಕು. ಆದರೆ ಕ್ಯಾನಿನ ಕೊರಳು ಕಿರಿದು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ, ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿಸುತ್ತದೆ. ಮನೆಯ ವರ್ಕ್‌ಶಾಪಿನಲ್ಲಿ ಡಿ-2 ಅಥವಾ ಹೈಸ್ಪೀಡ್ ಉಕ್ಕು ಬಳಸುವವರಿಗೆ ಮಾತ್ರ ಈ ಖರ್ಚು ಸಾರ್ಥಕ, ಅದೂ ತಣಿಸಿದ ಮೇಲೆ ಮತ್ತೆ ಕಾಸಿ ಹದ ಮಾಡಿದರೆ.

ಕುಲುಮೆಗಳು ಮುಚ್ಚುತ್ತಿವೆ. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕುಡಗೋಲು, ಉಳಿ ಇದ್ದವರು ಗುಜರಿಗೆ ಹಾಕುವ ಮೊದಲು, ಅದು ಯಾವ ಉಕ್ಕು ಎಂದು ತಿಳಿಯಲು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲೋಹ ಪ್ರಯೋಗಾಲಯಕ್ಕೆ ಒಮ್ಮೆ ತೋರಿಸಿ.